ಮಾತುಕತೆಯನ್ನು ದಾಖಲೆ ಮಾಡುವ ಎಐ ಸ್ಕಿಲ್: ನಾವು "ನೋಡೋಣ" ಅಂದಿದ್ದು "ಅಂತಿಮ ತೀರ್ಮಾನ" ಆಗಿಬಿಟ್ಟಿದೆ. ಇದನ್ನು ಪರೀಕ್ಷೆ ಮಾಡೋದು ಹೇಗೆ?

ಮೂಡಿಗೆರೆ_ಕಣ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಬೇಡಿ.

ಮೂಡಿಗೆರೆ ಹತ್ತಿರ ನಾವು 14 ಮನೆಯವರು ಸೇರಿ ಸ್ಪ್ರೇ ಮೋಟರು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರು, ಒಂದು ಪಿಕಪ್ಪು ಹಂಚಿಕೊಂಡು ತೋಟ ನಡೆಸುತ್ತೇವೆ. ಸಂಘ ಅಲ್ಲ, ರಿಜಿಸ್ಟರ್ ಏನೂ ಇಲ್ಲ. ಒಂದು ವಾಟ್ಸಾಪ್ ಗುಂಪು ಇದೆ, ತಿಂಗಳಿಗೊಂದು ಸಲ ಯಾರದಾದರೂ ಕಾಫಿ ಕಣದಲ್ಲಿ ಕೂರುತ್ತೇವೆ, ಅಷ್ಟೇ. ಮಾತಿಗೇನೂ ಬರ ಇಲ್ಲ, ಬರೆದಿಡುವವರಿಗೆ ಬರ. ಹೋದ ವರ್ಷ ಬೋರ್ಡೋಗೆ (ಮೈಲುತುತ್ತ, ಸುಣ್ಣ ಸೇರಿಸಿ ಹೊಡೆಯುವ ಔಷಧಿ) ಸುಣ್ಣ ಎಲ್ಲಿಂದ ತಂದೆವು, ಪಲ್ಪರ್ ಬೆಲ್ಟು ಯಾವ ಸೈಜು, ಮರಗಸಿಗೆ ಎಷ್ಟು ಆಳು ಹಿಡಿಯಿತು, ಎಲ್ಲಾ ಗುಂಪಿನಲ್ಲೇ ಎಲ್ಲೋ ಇದೆ. ಹುಡುಕಲು ಹೋದರೆ ಮಾತ್ರ ಶುಭೋದಯದ ಗುಲಾಬಿಗಳೇ ಸಿಗುತ್ತವೆ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡಿ ವಾಪಸ್ ಬಂದವಳು. ಹಾಗಾಗಿ ಕಂಪ್ಯೂಟರ್ ಅಂದರೆ ನನ್ನ ತಲೆಗೇ. ಎಐ ಏಜೆಂಟಿಗೆ (ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಎಐ) ಹಾಕಿಕೊಳ್ಳುವ ಒಂದು ಸಿದ್ಧ ಸ್ಕಿಲ್, ಅಂದರೆ ಸೂಚನೆಗಳ ಕಟ್ಟು, ಸಿಕ್ಕಿತು. ಮಾತುಕತೆ ಕೊಟ್ಟರೆ ಅದನ್ನು ತೀರ್ಮಾನ, ಮಾಡುವ ವಿಧಾನ, ಪ್ರಶ್ನೋತ್ತರ ಅಂತ ವಿಂಗಡಿಸಿ, ತಲೆಬರಹ ಹಾಕಿ, ಆನ್‌ಲೈನ್ ಪುಸ್ತಕದಲ್ಲಿ ಪುಟ ಮಾಡಿ ಇಡುತ್ತದೆ. ಮೊದಲ ಪುಟ ನೋಡಿದಾಗ ಖುಷಿಯಾಯಿತು, ಅಷ್ಟು ಚಂದ ಇತ್ತು. ಆಮೇಲೆ ಓದಿದೆ.

ಗುಂಪಿನಲ್ಲಿ ಬಂದಿದ್ದು ಇದು:

"ನಮ್ಮಲ್ಲಿ ರಾತ್ರಿ 80 ಸೆಂಟ್."
"ನಮಗೆ 35 ಅಷ್ಟೇ. ಸ್ಪ್ರಿಂಕ್ಲರ್ ಹಾಕೋದಾ?"
"ನೋಡೋಣ, ನಾಳೆನೂ ಮೋಡ ಇದೆ."
"ಆಯ್ತು ಬಿಡಿ."

ಸ್ಕಿಲ್ ಬರೆದಿದ್ದು ಇದು: "ತೀರ್ಮಾನ: 80 ಸೆಂಟ್ ಮತ್ತು 35 ಸೆಂಟ್ ಜಮೀನುಗಳಲ್ಲಿ ಸ್ಪ್ರಿಂಕ್ಲರ್ ಅಳವಡಿಸಲು ಸದಸ್ಯರು ಒಪ್ಪಿದ್ದಾರೆ. ಸ್ಥಿತಿ: ಅಂತಿಮ."

ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವೆ, 100 ಸೆಂಟ್ ಅಂದರೆ ಒಂದು ಇಂಚು. ಅದು ಹೂವಿನ ಮಳೆಯ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ ಮಾತು. ಜಾಗದ ಸೆಂಟ್ ಅಲ್ಲವೇ ಅಲ್ಲ. ಅದಾದರೂ ಹೋಗಲಿ, ಯಾರು ಯಾವಾಗ ಒಪ್ಪಿದರು? "ನೋಡೋಣ" ಅಂದರೆ ಒಪ್ಪಿಗೆಯಾ?

ನನ್ನ ಪ್ರಶ್ನೆ ಇಷ್ಟೇ. ಈ ಸ್ಕಿಲ್ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ? ಒಂದು ತಪ್ಪು ನೋಡಿ ಎಸೆಯಲು ಮನಸ್ಸಿಲ್ಲ. ಚಂದ ಕಾಣುತ್ತದೆ ಅಂತ 14 ಮನೆಗೂ ಕಳಿಸಲು ಧೈರ್ಯವೂ ಇಲ್ಲ.

ಹಾಸನದ_ಟೆಸ್ಟರ್

ಸಾಫ್ಟ್‌ವೇರ್ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು, ಈಗ ಹಾಸನದ ಮನೆಯಿಂದಲೇ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಸ್ಕಿಲ್ ಅಂದರೆ ಏನು ಅಂತ ಬಿಚ್ಚಿ ನೋಡಿ, ಅರ್ಧ ಭಯ ಹೋಗುತ್ತದೆ. ಅದೊಂದು ಫೋಲ್ಡರ್. ಒಳಗೆ ಸ್ಕಿಲ್ ಡಾಟ್ ಎಂಡಿ ಅಂತ ಒಂದು ಫೈಲ್, ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಮೇಲ್ಗಡೆ ಹೆಸರು ಮತ್ತು ವಿವರಣೆ, ಕೆಳಗೆ ಏನು ಮಾಡಬೇಕು ಅನ್ನುವ ಸೂಚನೆ, ಜೊತೆಗೆ ಬೇಕಿದ್ದರೆ ಇನ್ನೊಂದಿಷ್ಟು ಫೈಲು, ಸ್ಕ್ರಿಪ್ಟು. 2025ರ ಅಕ್ಟೋಬರಿನಲ್ಲಿ ಎಐ ಮಾಡುವ ಆಂತ್ರೊಪಿಕ್ ಕಂಪನಿ ಈ ಪದ್ಧತಿ ಶುರು ಮಾಡಿತು. ಅದೇ ಡಿಸೆಂಬರಿನಲ್ಲಿ ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ಮುಕ್ತ ಮಾನದಂಡ ಮಾಡಿ ಬಿಟ್ಟಿತು. ಏಜೆಂಟ್ ಶುರುವಿನಲ್ಲಿ ಓದುವುದು ಹೆಸರು, ವಿವರಣೆ ಎರಡನ್ನೇ. ವಿವರಣೆಗೆ 1024 ಅಕ್ಷರದ ಮಿತಿ ಇದೆ. ಈ ಕೆಲಸಕ್ಕೆ ಈ ಸ್ಕಿಲ್ ಬೇಕು ಅನ್ನಿಸಿದರೆ ಮಾತ್ರ ಒಳಗಿನ ಸೂಚನೆ ಓದುತ್ತದೆ, ಅದರೊಳಗೆ ಹೇಳಿದ್ದರೆ ಮಾತ್ರ ಉಳಿದ ಫೈಲು. ಅಡುಗೆಯವರು ಡಬ್ಬಿಯ ಮೇಲಿನ ಚೀಟಿ ನೋಡಿ ಆಮೇಲೆ ಮುಚ್ಚಳ ತೆಗೆಯುತ್ತಾರಲ್ಲ, ಹಾಗೆ.

ಹಾಗಾಗಿ ಮೊದಲ ಪರೀಕ್ಷೆ, ಮುಚ್ಚಳ ತೆಗೆಯುತ್ತದಾ ಅಂತ. ವಿವರಣೆ ಇಂಗ್ಲಿಷಿನಲ್ಲಿರುತ್ತದೆ, ನೀವು ಕನ್ನಡದಲ್ಲಿ ಕೇಳುತ್ತೀರಿ. "ನಿನ್ನೆ ಮಾತಾಡಿದ್ದನ್ನ ಪುಟ ಮಾಡು", "ಇದನ್ನ ಬರೆದಿಡು", "ಇದೊಂದು ಎತ್ತಿಟ್ಕೋ" ಅಂತೆಲ್ಲ ಹೇಳಿ ನೋಡಿ. ಉಲ್ಟಾನೂ ನೋಡಿ. "ಹೋದ ತಿಂಗಳ ಪುಟ ಹುಡುಕು" ಅಂದಾಗ ಅದು ಹುಡುಕುವ ಬದಲು ಹೊಸ ಪುಟ ಬರೆದರೆ ತಪ್ಪು.

ಎರಡನೆಯದು ಮುಖ್ಯ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ. ಸ್ಕಿಲ್ ಬರೆದಿದ್ದನ್ನು ನೋಡುವ ಮೊದಲು ನೀವೇ ಕೈಯಲ್ಲಿ ಬರೆಯಿರಿ. ಮಾತುಕತೆ ಓದಿ, ಇದರಿಂದ ದಾಖಲೆಗೆ ಏನೇನು ಹೋಗಬೇಕು, ಏನು ತೀರ್ಮಾನ ಆಯಿತು, ಏನು ಆಗಲಿಲ್ಲ ಅಂತ ಒಂದು ಹಾಳೆ. ಉತ್ತರ ನೋಡಿ ಆಮೇಲೆ ಬರೆದರೆ ಅದು ಬರೆದಿದ್ದೇ ಸರಿ ಅನ್ನಿಸಿಬಿಡುತ್ತದೆ. ನಂತರ ಪಕ್ಕಪಕ್ಕ ಇಟ್ಟು ಎರಡನ್ನೇ ಎಣಿಸಿ. ಎಷ್ಟು ಬಿಟ್ಟಿದೆ, ಎಷ್ಟು ತಾನೇ ಸೃಷ್ಟಿ ಮಾಡಿದೆ. ತಲೆಬರಹ, ಟೇಬಲ್ಲು, ಅಂದಚಂದಕ್ಕೆ ಅಂಕ ಕೊಡಬೇಡಿ, ಅದು ಯಾವಾಗಲೂ ಚಂದವೇ ಇರುತ್ತದೆ.

ಎಷ್ಟು ಮಾತುಕತೆ ಬೇಕು ಅಂದರೆ, ಆಂತ್ರೊಪಿಕ್‌ನವರ ಸಲಹೆಯಲ್ಲೇ ಕನಿಷ್ಠ ಮೂರು ಪರೀಕ್ಷೆ ಅಂತಿದೆ. ಸಣ್ಣ ಎಐ ಮಾದರಿ, ದೊಡ್ಡ ಎಐ ಮಾದರಿ ಎಲ್ಲದರಲ್ಲೂ ಓಡಿಸಿ ನೋಡಿ ಅಂತಲೂ ಇದೆ. ಒಂದೇ ಮಾತುಕತೆಯನ್ನು ಎರಡು ಮೂರು ಸಲ ಓಡಿಸಿ, ಪ್ರತಿ ಸಲ ಬೇರೆ ಬರಬಹುದು.

ಸುಮ್ನೆ_ಬಂದೆ

ಇಷ್ಟೆಲ್ಲಾ ಯಾಕೆ? "ಇದನ್ನ ಸಾರಾಂಶ ಮಾಡು" ಅಂತ ಒಂದು ಸಾಲು ಹೇಳಿದರೆ ಆಗಲ್ವಾ? ಸ್ಕಿಲ್ಲು ಅಂತ ಮತ್ತೊಂದು ತಲೆನೋವು.

ಹಾಸನದ_ಟೆಸ್ಟರ್

ತಮಾಷೆಗೆ ಕೇಳಿದರೂ ಸರಿಯಾದ ಪ್ರಶ್ನೆ. ಸ್ಕಿಲ್ ಇಲ್ಲದೆ ಬರೀ ಆ ಒಂದು ಸಾಲು ಹೇಳಿಯೂ ಓಡಿಸಲೇಬೇಕು. ಅದಕ್ಕಿಂತ ಮೇಲಾಗಿಲ್ಲ ಅಂದರೆ ಸ್ಕಿಲ್ ಯಾಕೆ? ಇದನ್ನೇ ನಾನು ಹೇಳಲು ಮರೆತಿದ್ದೆ.

ಹಳೇ_ಕಾರ್ಯದರ್ಶಿ

ನಾನು ಅರಕಲಗೂಡು ಕಡೆಯವನು. ಎಐ ನನಗೆ ಹೊಸದು. ಆದರೆ ಹಾಲಿನ ಡೈರಿಯಲ್ಲಿ 22 ವರ್ಷ ನಡಾವಳಿ ಪುಸ್ತಕ ಬರೆದಿದ್ದೇನೆ. ನೀವೆಲ್ಲ ಈಗ ಹುಡುಕುತ್ತಿರುವ ಅರ್ಧ ವಿಷಯ ಆ ಪುಸ್ತಕದಲ್ಲಿ ಮೊದಲೇ ಇದೆ ತಾಯಿ.

ನಡಾವಳಿಯಲ್ಲಿ ಠರಾವು ಅಂತ ಬರೆಯಬೇಕಾದರೆ ಸೂಚಕರು ಯಾರು, ಅನುಮೋದಕರು ಯಾರು ಅಂತ ಎರಡು ಹೆಸರು ಬೇಕು. ಆ ಎರಡು ಹೆಸರು ಇಲ್ಲದಿದ್ದರೆ ಅದು ಠರಾವಲ್ಲ, ಬರೀ ಚರ್ಚೆ. "ಚರ್ಚಿಸಲಾಯಿತು, ಮುಂದಿನ ಸಭೆಗೆ ಮುಂದೂಡಲಾಯಿತು" ಅಂತ ಬರೆಯುತ್ತೇವೆ. ನನ್ನ ಪುಸ್ತಕದಲ್ಲಿ ಆ ಸಾಲೇ ಜಾಸ್ತಿ. ಜನ ಸಭೆಯಲ್ಲಿ ನೇರವಾಗಿ ಬೇಡ ಅನ್ನುವುದಿಲ್ಲ. "ನೋಡೋಣ" ಅಂದರೆ ಮುಕ್ಕಾಲು ಪಾಲು ಬೇಡ ಅಂತಲೇ. "ಆಯ್ತು ಬಿಡಿ" ಅಂದರೆ ಈ ಮಾತು ಸಾಕು ಅಂತ. "ಮಾಡಿದ್ರಾಯ್ತು" ಅಂದರೆ ನಾನಂತೂ ಮಾಡಲ್ಲ ಅಂತ. "ನೀವು ಹೇಳಿದ ಮೇಲೆ ಇನ್ನೇನು" ಅಂದರೆ ಸಿಟ್ಟು ಬಂದಿದೆ ಅಂತ. ಇದನ್ನು ಯಂತ್ರಕ್ಕೆ ಯಾರು ಹೇಳಿಕೊಟ್ಟಿದ್ದಾರೆ? ನನಗೇ ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು. ಒಂದು ಸಲ "ನೋಡೋಣ" ಅಂದಿದ್ದನ್ನು ಒಪ್ಪಿಗೆ ಅಂತ ಬರೆದು ಎಲ್ಲರ ಕೈಲಿ ಬೈಸಿಕೊಂಡಿದ್ದೇನೆ.

ಇನ್ನೊಂದು. ಪ್ರತಿ ಸಭೆಯಲ್ಲಿ ಮೊದಲ ಕೆಲಸ ಹಿಂದಿನ ನಡಾವಳಿ ಓದಿ ದೃಢೀಕರಿಸುವುದು. ಜೋರಾಗಿ ಓದಬೇಕು. ಓದುವಾಗಲೇ "ನಾನು ಹಂಗಂದಿಲ್ಲ" ಅಂತ ಒಬ್ಬರಾದರೂ ಏಳುತ್ತಾರೆ. ಅಲ್ಲಿಯವರೆಗೆ ಅದು ಕಚ್ಚಾ. ನಿಮ್ಮ ಪುಟಗಳಿಗೂ ಹಾಗೇ ಮಾಡಿ, ಕಣದಲ್ಲಿ ಓದಿ ಹೇಳುವ ತನಕ ಯಾವುದಕ್ಕೂ ಅಂತಿಮ ಅಂತ ಹಾಕಬೇಡಿ.

ಹಾಸನದ_ಟೆಸ್ಟರ್

ಸಾರ್, ಇದನ್ನೇ ಸಾಫ್ಟ್‌ವೇರಿನವರು ದೊಡ್ಡ ವಿಷಯ ಅಂತ ಕಂಡುಹಿಡಿದಿದ್ದಾರೆ. 2011ರಲ್ಲಿ ಮೈಕೆಲ್ ನೈಗಾರ್ಡ್ ಅನ್ನುವವರು ತೀರ್ಮಾನ ದಾಖಲೆಯ ಒಂದು ಸಣ್ಣ ಮಾದರಿ ಬರೆದರು. ಸಂದರ್ಭ, ತೀರ್ಮಾನ, ಸ್ಥಿತಿ, ಪರಿಣಾಮ. ಸ್ಥಿತಿ ಅನ್ನುವ ಕಡೆ ಪ್ರಸ್ತಾಪ, ಒಪ್ಪಿಗೆ, ಇಲ್ಲಾ ಬದಲಾಗಿದೆ ಅಂತ ಹಾಕಬೇಕು. ಇಂಥ ಸ್ಕಿಲ್‌ಗಳ ಒಳಗಿರುವ ತೀರ್ಮಾನದ ನಮೂನೆ ಬಹುಪಾಲು ಇದರ ಮಕ್ಕಳೇ. ಸೂಚಕರು, ಅನುಮೋದಕರು ಮಾತ್ರ ಅದರಲ್ಲಿ ಇಲ್ಲ. ಅದನ್ನು ನಾನು ಕದಿಯುತ್ತೇನೆ, ಕ್ಷಮಿಸಿ.

ಮೂಡಿಗೆರೆ_ಕಣ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮಾಡಿ ನೋಡಿದೆ.

ಮೂರು ಮಾತುಕತೆ ತೆಗೆದುಕೊಂಡೆ. ಒಂದು, ಆ ಸ್ಪ್ರಿಂಕ್ಲರ್ ಕಥೆ. ಎರಡು, ಮೇ ತಿಂಗಳಲ್ಲಿ ಬೋರ್ಡೋ ಬಗ್ಗೆ ಎರಡು ದಿನ ನಡೆದ ಮಾತು. ಮೂರು, ಕಣದಲ್ಲಿ ಕೂತು ಮಾತಾಡಿದ್ದರ ರೆಕಾರ್ಡಿಂಗ್, ಅದನ್ನು ಒಂದು ಆಪ್‌ನಲ್ಲಿ ಬರಹ ಮಾಡಿಸಿದ್ದು. ಮೂರಕ್ಕೂ ಮೊದಲು ಕೈಯಲ್ಲಿ ಹಾಳೆ ಬರೆದೆ. ಅದಕ್ಕೇ ಒಂದು ಇಡೀ ಸಂಜೆ ಹೋಯಿತು. ನನ್ನ ಗಂಡ "ಇಷ್ಟು ಬರೆದ ಮೇಲೆ ಎಐ ಯಾಕೆ" ಅಂದರು. ಉತ್ತರ ಇರಲಿಲ್ಲ.

ಒಂದೇ ಸಾಲು ಹೇಳಿ ಮಾಡಿಸಿದ್ದು ನೀರಸ, ಒಂದೇ ಪ್ಯಾರಾ, ಹುಡುಕಲು ಕಷ್ಟ. ಆದರೆ ಸುಳ್ಳು ಕಮ್ಮಿ! ಸ್ಕಿಲ್ ಹಾಕಿ ಮಾಡಿಸಿದ್ದರಲ್ಲಿ ಸುಳ್ಳು ಜಾಸ್ತಿ. ಯಾಕೆ ಅಂತ ಫೈಲ್ ತೆರೆದು ನೋಡಿದರೆ ನಮೂನೆಯಲ್ಲಿ ಖಾನೆಗಳಿವೆ. "ಪರಿಗಣಿಸಿದ ಪರ್ಯಾಯಗಳು", "ಜವಾಬ್ದಾರಿ", "ಗಡುವು". ಖಾನೆ ಖಾಲಿ ಬಿಡಬಹುದು ಅಂತ ಎಲ್ಲೂ ಹೇಳಿಲ್ಲ. ಅದು ಪಾಪ ತುಂಬಿಸಿದೆ, ನಾವು ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೂ ಏನಾದರೂ ಬರೆಯುತ್ತಿದ್ದೆವಲ್ಲ ಹಾಗೆ. ಪಲ್ಪರ್ ರಿಪೇರಿಗೆ ಗಡುವು "ಮುಂದಿನ ವಾರಾಂತ್ಯ" ಅಂತೆ. ನಮ್ಮಲ್ಲಿ ಯಾರ ಬಾಯಲ್ಲೂ ವಾರಾಂತ್ಯ ಅನ್ನುವ ಪದ ಬಂದಿಲ್ಲ, ತೋಟದಲ್ಲಿ ಯಾವ ವಾರಾಂತ್ಯ?

ಬೋರ್ಡೋದ್ದು ನಗುವ ವಿಷಯ ಅಲ್ಲ. ಮಾತಿನಲ್ಲಿ ಎರಡು ಹದ ಬಂದಿತ್ತು. ಕಾಫಿಯ ಎಲೆ ತುಕ್ಕಿಗೆ ಒಬ್ಬರು ಹೇಳಿದ್ದು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 200 ಲೀಟರ್ ಬ್ಯಾರಲ್ಲಿಗೆ. ಅಂದರೆ ಅರ್ಧ ಪರ್ಸೆಂಟ್. ಇನ್ನೊಬ್ಬರು ಕಾಳುಮೆಣಸಿಗೆ ಹೇಳಿದ್ದು, ಅದೇ ಒಂದಕ್ಕೊಂದು, 100 ಲೀಟರಿಗೆ. ಅಂದರೆ ಒಂದು ಪರ್ಸೆಂಟ್. ಸ್ಕಿಲ್ ಎರಡನ್ನೂ ಸೇರಿಸಿ "ಬೋರ್ಡೋ ತಯಾರಿಸುವ ವಿಧಾನ" ಅಂತ ಒಂದೇ ಪುಟ ಮಾಡಿ, ಒಂದೇ ಹದ ಬರೆದಿದೆ. ಯಾವ ಬೆಳೆಗೆ ಅನ್ನುವುದೇ ಮಾಯ.

ಬಿಟ್ಟಿದ್ದು ಏನು ಗೊತ್ತಾ? ಮಧ್ಯದಲ್ಲಿ ಒಬ್ಬ ಹಿರಿಯರು "ಕತ್ತಿ ಅದ್ದಿ ನೋಡ್ರಪ್ಪಾ" ಅಂತ ಒಂದೇ ಸಾಲು ಹಾಕಿದ್ದರು. ದ್ರಾವಣಕ್ಕೆ ಉಜ್ಜಿದ ಕತ್ತಿ ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇಡೀ ಮಾತುಕತೆಯಲ್ಲಿ ಅದಕ್ಕಿಂತ ಬೆಲೆಬಾಳುವ ಸಾಲು ಇರಲಿಲ್ಲ. ಸ್ಕಿಲ್ ಅದನ್ನು ಹರಟೆ ಅಂತ ಬಿಟ್ಟಿದೆ. ನಾನು ಕೈಯಲ್ಲಿ ಬರೆದಿರದಿದ್ದರೆ ಇದು ಬಿಟ್ಟುಹೋಗಿದೆ ಅಂತ ನನಗೂ ಗೊತ್ತಾಗುತ್ತಿರಲಿಲ್ಲ. ಗಂಡನಿಗೆ ಈ ಉತ್ತರ ಕೊಟ್ಟೆ.

ಮೂರನೆಯದರಲ್ಲಿ "ರೋಬಸ್ಟಾ ಗಿಡಗಳಲ್ಲಿ ಕಾಂಡಕೊರಕ ಜಾಸ್ತಿಯಾಗಿದೆ, ಗಿಡ ಕಿತ್ತು ಸುಡಬೇಕು" ಅಂತ ಬಂದಿದೆ. ಇದು ಸ್ಕಿಲ್ ತಪ್ಪೋ ಏನೋ ಅರ್ಥವಾಗಲಿಲ್ಲ.

ಬಾಳೆಹೊನ್ನೂರು_ದಾರಿ

ಅಯ್ಯೋ, ಕಿತ್ತುಬಿಟ್ಟೀರಿ ಜೋಕೆ! ಬಿಳಿ ಕಾಂಡಕೊರಕ ಅರೇಬಿಕಾ ಜಾತಿಯ ಕಾಫಿಯ ಕೀಟ, ರೋಬಸ್ಟಾ ಜಾತಿಯದ್ದಲ್ಲ. ನಿಮ್ಮವರು ಹೇಳಿದ್ದು ಕಾಯಿಕೊರಕ ಇರಬೇಕು. ಕಾಂಡ, ಕಾಯಿ, ಒಂದು ಅಕ್ಷರದ ಅಂತರ, ಆದರೆ ಮಾಡುವ ಕೆಲಸ ಪೂರ್ತಿ ಬೇರೆ. ಕಾಂಡಕೊರಕಕ್ಕೆ ಹುಳ ಹೊಕ್ಕ ಗಿಡ ಹುಡುಕಿ ಕಿತ್ತು ಸುಡುವುದು, ದುಂಬಿ ಹಾರುವ ಕಾಲ ಅಂದರೆ ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಾಂಡದ ಮೇಲೆ ಕಣ್ಣಿಡುವುದು. ಕಾಯಿಕೊರಕಕ್ಕೆ ಗಿಡ ಕೀಳುವ ಮಾತೇ ಇಲ್ಲ, ಉದುರಿದ ಕಾಯಿ ಆಯುವುದು, ಗಿಡದಲ್ಲಿ ಹಣ್ಣು ಉಳಿಸದೆ ಕುಯ್ಯುವುದು, ಟ್ರ್ಯಾಪ್ ಕಟ್ಟುವುದು.

ರೆಕಾರ್ಡಿಂಗ್ ಮತ್ತೆ ಕೇಳಿ ನೋಡಿ. ಮತ್ತೆ ಔಷಧಿ, ಹದ ಇಂಥ ಪುಟಗಳನ್ನು ಗುಂಪಿನ ಮಾತಿನ ಮೇಲೆ ಮಾತ್ರ ಬಿಡಬೇಡಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇರುವುದೇ ಇದಕ್ಕೆ, 1925ರಿಂದ ಇದೆ. ಅವರ ಶಿಫಾರಸಿನ ಜೊತೆ ತಾಳೆ ನೋಡಿದ ದಿನಾಂಕ ಪುಟದ ಮೇಲೆ ಹಾಕಿ.

ಹಾಸನದ_ಟೆಸ್ಟರ್

ಅದೇ, ತಪ್ಪು ಎಲ್ಲಿ ಹುಟ್ಟಿತು ಅಂತ ಬೇರೆ ಮಾಡಬೇಕು. ಮಾತನ್ನು ಬರಹ ಮಾಡಿದ ಆಪ್ "ಕಾಂಡ" ಅಂತ ಕೇಳಿಸಿಕೊಂಡಿದ್ದರೆ ಸ್ಕಿಲ್ ಏನು ಮಾಡೀತು? ಬರಹವನ್ನು ಕೈಯಲ್ಲಿ ತಿದ್ದಿ ಮತ್ತೆ ಕೊಡಿ. ಆಗಲೂ ತಪ್ಪಿದರೆ ಸ್ಕಿಲ್ಲಿನದ್ದು. ಇಲ್ಲದಿದ್ದರೆ ಸುಮ್ನೆ ಅದನ್ನು ಬೈದಂತಾಗುತ್ತದೆ.

ಖಾನೆಯ ವಿಷಯ ನೀವು ಸರಿಯಾಗಿ ಹಿಡಿದಿದ್ದೀರಿ. ಫೈಲಿನಲ್ಲಿ ನೇರವಾಗಿ ಬರೆಯಿರಿ: ಮಾತಿನಲ್ಲಿ ಬರದಿದ್ದರೆ "ಮಾತಿನಲ್ಲಿ ಬಂದಿಲ್ಲ" ಅಂತ ಬರೆ, ಊಹೆ ಮಾಡಬೇಡ. ಪ್ರತಿ ತೀರ್ಮಾನದ ಕೆಳಗೆ ಯಾವ ಸಾಲಿನಿಂದ ಬಂತೋ ಆ ಮಾತನ್ನೇ ಇದ್ದಂತೆ ಹಾಕು. ಇಬ್ಬರು ಒಪ್ಪಿದ್ದು ಕಾಣದಿದ್ದರೆ "ಚರ್ಚೆ ಮಾತ್ರ" ಅಂತ ಹಾಕು. ಜೊತೆಗೆ ನಿಮ್ಮ ಕಡೆಯ ಪದಗಳಿಗೆ ಅರ್ಥ ಬರೆದ ಪದಪಟ್ಟಿ ಅಂತ ಬೇರೆ ಫೈಲ್ ಮಾಡಿ. ಸ್ಕಿಲ್ ಡಾಟ್ ಎಂಡಿ 500 ಸಾಲಿನೊಳಗೆ ಇರಲಿ ಅಂತ ಹೇಳುತ್ತಾರೆ, ಎಲ್ಲವನ್ನೂ ಅದರಲ್ಲೇ ತುರುಕಬೇಡಿ. ಆದರೆ ಬರೆಯುವ ಮೊದಲು ಪದಪಟ್ಟಿ ಓದು ಅಂತ ಅದರಲ್ಲಿ ಒಂದು ಸಾಲು ಇರಲೇಬೇಕು, ಇಲ್ಲದಿದ್ದರೆ ತೆರೆಯುವುದೇ ಇಲ್ಲ.

ಇನ್ನೆರಡು ನೋಡಿ. ಒಂದು, ಅದೇ ವಿಷಯದ ಮೇಲೆ ಮತ್ತೆ ಮಾತು ಬಂದಾಗ ಹಳೇ ಪುಟ ತಿದ್ದುತ್ತದಾ, ಹೊಸದು ಮಾಡುತ್ತದಾ? ಎರಡು, ಆಳುಗಳ ಹೆಸರು, ಮುಂಗಡದ ದುಡ್ಡು, ಯಾರದ್ದೋ ಆಸ್ಪತ್ರೆ ವಿಷಯ, ಇವೆಲ್ಲ ಗುಂಪಿನಲ್ಲಿ ಬರುತ್ತವೆ. ಅದು ಪುಟಕ್ಕೆ ಹೋಗುತ್ತಿದೆಯಾ?

ಮೂಡಿಗೆರೆ_ಕಣ

ರೆಕಾರ್ಡಿಂಗ್ ಕೇಳಿದೆ. ಕಾಯಿಕೊರಕವೇ. ಹಿಂದೆ ಮಿಕ್ಸಿ ಓಡುತ್ತಿತ್ತು, ಆ ಆಪ್ ಕಾಂಡ ಅಂತ ಬರೆದಿದೆ. ಸ್ಕಿಲ್ ಬಚಾವ್.

ಫೈಲ್ ತಿದ್ದಿ ಮೂರನ್ನೂ ಮತ್ತೆ ಓಡಿಸಿದೆ. ಸ್ಪ್ರಿಂಕ್ಲರ್ ಪುಟ ಈಗ ಹೀಗಿದೆ: "ಚರ್ಚೆ ಮಾತ್ರ. ರಾತ್ರಿ ಒಂದು ಕಡೆ 80 ಸೆಂಟ್, ಇನ್ನೊಂದು ಕಡೆ 35 ಸೆಂಟ್ ಮಳೆ. ಸ್ಪ್ರಿಂಕ್ಲರ್ ಹಾಕುವ ಬಗ್ಗೆ ತೀರ್ಮಾನ ಆಗಿಲ್ಲ. ಸೂಚಕರು: ಮಾತಿನಲ್ಲಿ ಬಂದಿಲ್ಲ." ಕಾರ್ಯದರ್ಶಿಗಳೇ, ನಿಮ್ಮ ಪುಸ್ತಕದ ಸಾಲಿನ ಥರವೇ ಇದೆ ನೋಡಿ. ಬೋರ್ಡೋ ಈಗ ಎರಡು ಪುಟ, ಕಾಫಿಗೆ ಬೇರೆ, ಮೆಣಸಿಗೆ ಬೇರೆ. ಕತ್ತಿಯ ಸಾಲು ಮೂರು ಸಲ ಓಡಿಸಿದರೆ ಎರಡು ಸಲ ಬರುತ್ತದೆ, ಒಂದು ಸಲ ಬಿಡುತ್ತದೆ. ಯಾಕೆ ಅಂತ ಗೊತ್ತಾಗಲಿಲ್ಲ. ಹಿರಿಯರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ಬಿಡಬೇಡ ಅಂತ ಫೈಲಿನಲ್ಲಿ ಬರೆಯಲು ಹೋದೆ. ಆದರೆ ಹಿರಿಯರು ಯಾರು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಪದಪಟ್ಟಿಗೆ ಸೆಂಟ್ ಹಾಕಿದೆ. ಮರಗಸಿ ಹಾಕಿದೆ, ಅದನ್ನು "ಮರಕ್ಕೆ ಕಸಿ ಕಟ್ಟುವುದು" ಅಂತ ಮಾಡಿತ್ತು, ನಮ್ಮಲ್ಲಿ ಅದು ನೆರಳಿನ ಮರದ ಕೊಂಬೆ ಸವರುವುದು. "ನೋಡೋಣ", "ಆಯ್ತು ಬಿಡಿ", "ಮಾಡಿದ್ರಾಯ್ತು" ಮೂರನ್ನೂ ಒಪ್ಪಿಗೆ ಅಲ್ಲ ಅಂತ ಹಾಕಿದೆ. ಆಮೇಲೆ ಇನ್ನೊಂದು ಎಡವಟ್ಟು, ನಿಜವಾಗಿ ಒಪ್ಪಿ "ಆಯ್ತು" ಅಂದಿದ್ದನ್ನೂ ಈಗ ಚರ್ಚೆ ಮಾತ್ರ ಅನ್ನುತ್ತಿದೆ. ಅದು ಪರವಾಗಿಲ್ಲ, ಕಣದಲ್ಲಿ ಓದುವಾಗ ಸರಿ ಮಾಡಿಕೊಳ್ಳುತ್ತೇವೆ. ಆಗದ್ದನ್ನು ಆಗಿದೆ ಅನ್ನುವುದಕ್ಕಿಂತ ಇದು ವಾಸಿ.

ಹಳೇ ಪುಟ ತಿದ್ದುವುದರಲ್ಲಿ ಫೇಲ್. ಮೂರು ಸಲ ಓಡಿಸಿದ್ದಕ್ಕೆ ಬೋರ್ಡೋ ಹೆಸರಿನಲ್ಲಿ ಪುಟಗಳ ರಾಶಿ ಬಿದ್ದಿತ್ತು. ಮೊದಲು ಹುಡುಕು, ಇದ್ದರೆ ಅದನ್ನೇ ತಿದ್ದು, ತಿದ್ದುವ ಮೊದಲು ನನ್ನನ್ನು ಕೇಳು ಅಂತ ಸೇರಿಸಿದ್ದೇನೆ. ಮುಂಗಡದ ವಿಷಯಕ್ಕೆ ನಾನು ಸ್ಕಿಲ್ ನಂಬುತ್ತಿಲ್ಲ. ಆ ಮಾತು ಇರುವ ಭಾಗವನ್ನು ನಾನೇ ಅಳಿಸಿ ಕೊಡುತ್ತೇನೆ.

ಸಕಲೇಶಪುರ_ಘಾಟಿ

ತಡವಾಗಿ ಬಂದೆ. ಪದಪಟ್ಟಿಗೆ "ಚೆರ್ರಿ" ಸೇರಿಸಿದ್ದೀರಾ? ಹೊರದೇಶದವರು ಚೆರ್ರಿ ಅಂದರೆ ಗಿಡದಿಂದ ಕುಯ್ದ ಹಸಿ ಹಣ್ಣು. ನಮ್ಮ ಮಾರ್ಕೆಟ್ಟಿನಲ್ಲಿ ಚೆರ್ರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ್ದು, 50 ಕೆಜಿ ಮೂಟೆಗೆ ರೇಟ್ ಹೇಳುತ್ತೇವಲ್ಲ ಅದು. ನನ್ನ ಎಐ ಒಂದು ಸಲ ಹಸಿ ಹಣ್ಣಿನ ತೂಕಕ್ಕೆ ಚೆರ್ರಿ ರೇಟ್ ಹಾಕಿ ಲೆಕ್ಕ ಕೊಟ್ಟಿತು. ಆ ರಾತ್ರಿ ಒಂದು ಗಂಟೆ ನಾನು ಕೋಟ್ಯಧಿಪತಿ.

ಮೂಡಿಗೆರೆ_ಕಣ

ಇಲ್ಲ, ಸೇರಿಸಿರಲಿಲ್ಲ! ಈಗಲೇ ಹಾಕುತ್ತೇನೆ. ಪಾರ್ಚ್‌ಮೆಂಟ್ (ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಬಗ್ಗೆಯೂ ಒಂದು ಸಾಲು ಬೇಕಾಗಬಹುದು ಅಲ್ವಾ?